ಅಣ್ಣ ಕೆಮ್ಮಲಿಲ್ಲ

"ತಮ್ಮಾ, ಲಗೂ ಬಾ! ನಿಮ್ಮಣ್ಣಾರು ಕೆಮ್ಮವಲ್ರು!" ಎಂದು ಅತ್ತಿಗೆ ಚೀರಿದಾಗ ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಗೆ ಬಿಸಿಲು ಬಂದಿತ್ತು. ಅಣ್ಣ ಇನ್ನೂ ಹಾಸಿಗೆಯಲ್ಲಿದ್ದ. ಅಲುಗಾಡಿಸಿದರೂ ಏಳಲಿಲ್ಲವೆಂದು ಅತ್ತಿಗೆ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಅವನ ಮೂಗಿನ ಹತ್ತಿರ ಹಿಡಿದಿದ್ದರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ಓಣಿಯ ನಾಯಿಯೂ ಸೀನಿತು. ಅಣ್ಣ ಮಾತ್ರ ಗಂಭೀರವಾಗಿ ಮಲಗಿದ್ದ.

ವರ್ಷಗಟ್ಟಲೆ ನಿದ್ದೆಗೆಟ್ಟ ಮನುಷ್ಯ. ರಾಣೆಬೆನ್ನೂರಿನ ಆಯುರ್ವೇದ ವೈದ್ಯರು ಕಟ್ಟಪ್ಪಣೆ ಮಾಡಿದ್ದರು: ಹೊತ್ತು ಮುಳುಗುವುದರೊಳಗೆ ಊಟ, ಮಲಗುವಾಗ ಅಂಗಾಲಿಗೆ ಎಳ್ಳೆಣ್ಣೆ, ಹಾಲಿಗೆ ಚಿಟಿಕೆ ಜಾಜಿಕಾಯಿ, ಸೂರ್ಯನಿಗಿಂತ ಮೊದಲು ಏಳುವುದು. ಹತ್ತು ದಿನ ಅಣ್ಣ ಚಾಚೂ ತಪ್ಪದೆ ಪಾಲಿಸಿದ್ದ. ಹನ್ನೊಂದನೆಯ ದಿನ ಸೂರ್ಯನೊಬ್ಬನೇ ಎದ್ದಿದ್ದ.

ಪಾದ ಮುಟ್ಟಿದೆ. ತಣ್ಣಗಿತ್ತು, ಜಾರುತ್ತಿತ್ತು. ಅದು ಎಣ್ಣೆಯೆಂದು ನನಗೆ ಹೊಳೆಯಲಿಲ್ಲ. ಯಾವ ಯಾವ ಊರಿಗೆ ಫೋನ್ ಮಾಡಬೇಕೆಂದು ಪಾಪಿ ಮನಸ್ಸು ಪಟ್ಟಿ ಹಾಕತೊಡಗಿತ್ತು. ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ಮೂಗಿಗೆ ಈ ಘಾಟು ಬರೀ ಗಾಳಿ ಎಂಬುದು ಅತ್ತಿಗೆಗೂ ನೆನಪಾಗಲಿಲ್ಲ, ನನಗೂ ಇಲ್ಲ.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಆಗ ಅಣ್ಣ ಕಣ್ಣು ತೆರೆಯದೆಯೇ ಹೇಳಿದ: "ಇದು ಹ್ವಾದ ವರ್ಷದ ಮಾಲು. ಕೋಲ್ಡ್ ಸ್ಟೋರೇಜಿಂದು. ಮನಿಗೆ ಯಾರ ತಂದಾರ ಇದನ್ನ?"

ಅಣ್ಣನ ನಿದ್ದೆ ಈಗ ಹದಕ್ಕೆ ಬಂದಿದೆ. ನಾನು ಮಾತ್ರ ದಿನಾ ಹೊತ್ತು ಮೂಡುವ ಮೊದಲೇ ಎದ್ದು, ಅವನ ಕೋಣೆಯ ಬಾಗಿಲಲ್ಲಿ ನಿಂತು, ಹೊದಿಕೆ ಏರಿಳಿಯುವುದನ್ನು ನೋಡಿ ಬರುತ್ತೇನೆ. ವೈದ್ಯರು ಹೇಳಿದ ದಿನಚರಿಯಲ್ಲಿ ಇದು ಇರಲಿಲ್ಲ.