ಸೌಟಕ್ಕನ ಕೊಪ್ಪರಿಗೆಯಲ್ಲಿ ಬೇಯದೆ ಹೋದ ಕಾಳು

ಬೆಳಗಿನ ಐದೂ ಕಾಲು. ಈ ಎರಕದ ಕಾರ್ಖಾನೆಯಲ್ಲಿ ಕುಲುಮೆಗಳಿಗಿಂತ ಮುಂಚೆ ಹೊತ್ತಿಕೊಳ್ಳುವುದು ಕ್ಯಾಂಟೀನಿನ ಒಲೆ. ಅಡುಗೆಮನೆಯ ಒಂದೇ ಕಿಟಕಿಯಲ್ಲಿ ಬೆಳಕು ಇನ್ನೂ ಬೂದು ಬಣ್ಣದಲ್ಲಿದೆ. ಸಿಮೆಂಟಿನ ಕಟ್ಟೆಯ ಮೇಲೆ ನಾಲ್ಕು ಅಗಲವಾದ ಪ್ಲಾಸ್ಟಿಕ್ ಟಬ್ಬುಗಳು. ಅವುಗಳಲ್ಲಿ ನಿನ್ನೆ ಸಂಜೆ ನಾಲ್ಕಕ್ಕೆ ನೆನೆಹಾಕಿದ ಪಿಂಟೊ ಕಾಳು. ಒಣಗಿದ್ದಾಗ ಹದಿನೆಂಟು ಕಿಲೋ ಇದ್ದದ್ದು ನೀರು ಕುಡಿದು ಮೂವತ್ತೆಂಟು ಕಿಲೋ ಆಗಿದೆ. ನೋಡಲು ರಾಜ್ಮಾದ ದಾಯಾದಿಯಂತಿದೆ, ಬಣ್ಣ ಮಾತ್ರ ಬೇರೆ. ತಿಳಿಗಂದು ಮೈಮೇಲೆ ಯಾರೋ ಕುಂಚ ಕೊಡವಿದಂತೆ ಚುಕ್ಕೆಗಳು. ಬೆಂದ ಮೇಲೆ ಆ ಚುಕ್ಕೆಗಳು ಮಾಯವಾಗಿ ಕಾಳೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ.

ಐವತ್ತೇಳು ವರ್ಷದ ಅಡುಗೆಯಾಕೆ ಮೊಣಕೈವರೆಗೆ ಕೈ ಇಳಿಸಿ ಕಾಳು ತಿರುವುತ್ತಾರೆ. ಕಣ್ಣು ಕಿಟಕಿಯ ಕಡೆಗಿದೆ, ಹುಡುಕುವ ಕೆಲಸ ಬೆರಳುಗಳದ್ದು. ನಡುವೆ ಒಂದೊಂದು ಕಾಳನ್ನು ಹೆಕ್ಕಿ ಬದಿಗಿಡುತ್ತಾರೆ. ಸುಕ್ಕು ಬಿಡದ, ಕಲ್ಲಿನಂತೆಯೇ ಉಳಿದ ಕಾಳುಗಳು ಅವು.

"ಇದು ನೀರೇ ಕುಡಿದಿಲ್ಲ ನೋಡಿ. ಇಂಥವು ಹತ್ತು ಒಳಗೆ ಹೋದ್ರೆ ಹತ್ತು ಜನ ನನ್ನ ಶಪಿಸ್ತಾರೆ. ಮಿಕ್ಕ ಕಾಳು ಬೆಣ್ಣೆ ಥರ ಬೆಂದಿದ್ರೂ ಅದು ಯಾರಿಗೂ ನೆನಪಿರಲ್ಲ."

ಕಾರ್ಖಾನೆಯ ನೂರ ಅರವತ್ತು ಜನರಿಗೆ ಅವರು ಸೌಟಕ್ಕ. ಊಟದ ಸಾಲಿನ ಎದುರು ಸೌಟು ಹಿಡಿದು ನಿಲ್ಲುವುದನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲವಾದ್ದರಿಂದ ಬಂದ ಹೆಸರು. ಈರುಳ್ಳಿ ಹೆಚ್ಚುವ ಸಹಾಯಕಿಗೆ ರೇಡಿಯೋ ಎಂಬ ಹೆಸರಿದೆ. ಕಾರಣ ಕೇಳುವ ಅಗತ್ಯ ಬೀಳುವುದಿಲ್ಲ.

"ಅಕ್ಕ ಇವತ್ತು ಎಷ್ಟು ಸಲ ಗೇಟ್ ಕಡೆ ನೋಡಿದ್ರು ಅಂತ ಎಣಿಸ್ತಿದ್ದೀನಿ. ಏಳಾಯ್ತು. ಇನ್ನೂ ಆರು ಗಂಟೆ ಆಗಿಲ್ಲ," ಎನ್ನುತ್ತಾರೆ ರೇಡಿಯೋ, ಕಣ್ಣೊರೆಸಿಕೊಳ್ಳುತ್ತ.

"ನೀನು ಈರುಳ್ಳಿ ಎಣಿಸು."

ಗೇಟಿನ ಕಡೆ ನೋಡುವುದಕ್ಕೆ ಕಾರಣವಿದೆ. ಇವತ್ತು ಹನ್ನೊಂದೂವರೆಗೆ ಊಟದ ಸೈರನ್ ಕೂಗುವ ಹೊತ್ತಿಗೆ ತಮ್ಮ ಮೈದುನನಿಗೆ ಬರಲು ಅವರು ಹೇಳಿ ಕಳಿಸಿದ್ದಾರೆ. ಗಂಡನ ತಮ್ಮನಾದ ಅವರು ಕಾಳಿನ ವ್ಯಾಪಾರಿ, ಈ ಕ್ಯಾಂಟೀನಿಗೂ ಕಾಳು ಕೊಡುತ್ತಿದ್ದವರು. ಎರಡು ತಿಂಗಳ ಹಿಂದೆ ಇದೇ ಕ್ಯಾಂಟೀನಿನಲ್ಲಿ, ಊಟದ ಸಾಲಿನ ಎದುರು, ಸೌಟಕ್ಕ ಅವರನ್ನು ಮೋಸಗಾರ ಎಂದಿದ್ದರು. ಆ ಮಾತು ತಪ್ಪಾಗಿತ್ತು. ಅದನ್ನು ಅದೇ ಸಾಲಿನ ಎದುರು ಹಿಂದಕ್ಕೆ ತೆಗೆದುಕೊಳ್ಳಬೇಕು. ಮೈದುನ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಹೇಳಿ ಕಳಿಸಿದ್ದಕ್ಕೆ ಉತ್ತರ ಬಂದಿಲ್ಲ.

ಒಲೆಯ ಮೇಲೆ ಎರಡು ಕೊಪ್ಪರಿಗೆಗಳಿವೆ. ದೊಡ್ಡದರಲ್ಲಿ ಕಾಳು, ಹೊಸ ನೀರು, ಹಂದಿಯ ಪಕ್ಕೆಲುಬಿನ ಮೂಳೆ. ಚಿಕ್ಕದರಲ್ಲಿ ಮಾಂಸ ತಿನ್ನದ ಹನ್ನೆರಡು ಜನರಿಗೆ ಬರೀ ಕಾಳು. ಮೊದಲ ಹತ್ತು ನಿಮಿಷ ಉರಿ ಪೂರ್ತಿ ಇರಬೇಕು, ನೀರು ಕೊತಕೊತ ಕುದಿಯಬೇಕು. ಈ ಜಾತಿಯ ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಒಂದು ನಂಜು ಇರುತ್ತದೆ, ಜೋರಾದ ಕುದಿತಕ್ಕೆ ಅದು ನಾಶವಾಗುತ್ತದೆ. ಇದನ್ನು ಸೌಟಕ್ಕ ಪುಸ್ತಕದಲ್ಲಿ ಓದಿದವರಲ್ಲ. "ನನಗೆ ಕಲಿಸಿದ ಮುದುಕಿ ಹೇಳಿದ್ರು, ಮೊದಲು ಅದರ ಸಿಟ್ಟು ಇಳಿಸು, ಆಮೇಲೆ ಸಮಾಧಾನವಾಗಿ ಮಾತಾಡ್ಸು ಅಂತ." ಹತ್ತು ನಿಮಿಷದ ನಂತರ ಉರಿ ತಗ್ಗುತ್ತದೆ, ಮಾತಿನ ಸರದಿ ಶುರುವಾಗುತ್ತದೆ.

ಅಷ್ಟರಲ್ಲಿ ಅವರು ಮಾಂಸಕ್ಕೆ ಕೈ ಹಾಕಿದ್ದಾರೆ. ದಿನಕ್ಕೆ ಹದಿನಾಲ್ಕು ಕಿಲೋ, ಹೆಚ್ಚಿನ ಪಾಲು ಭುಜದ ಭಾಗ. ಕೊಬ್ಬನ್ನು ಬೇರೆ ಮಾಡಿ ಸಣ್ಣ ಉರಿಯಲ್ಲಿ ಕರಗಿಸುತ್ತಾರೆ. ಬೇರೆ ಎಣ್ಣೆ ಬೇಕಾಗುವುದಿಲ್ಲ. ಅದೇ ಕೊಬ್ಬಿನಲ್ಲಿ, ಬೆಂಕಿಪೊಟ್ಟಣದ ಗಾತ್ರಕ್ಕೆ ಕತ್ತರಿಸಿದ ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕೆಂಪಗೆ ಹುರಿಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮಾಂಸ ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಟೊಮೆಟೊ ಮಾತ್ರ ಮೂಲೆಯಲ್ಲಿ ಕಾಯುತ್ತ ಕೂತಿರುತ್ತದೆ. ಕಾಳು ಮೆತ್ತಗಾಗುವ ಮುಂಚೆ ಹುಳಿ ತಗುಲಿದರೆ ಅದು ಮತ್ತೆ ಬೇಯುವುದಿಲ್ಲವೆಂದು ಹಟ ಹಿಡಿಯುತ್ತದೆ.

ಈ ಅಡುಗೆಮನೆಗೆ ಅವರು ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ತಟ್ಟೆ ತೊಳೆಯಲು. ಗಂಡ ಇದೇ ಕಾರ್ಖಾನೆಯಲ್ಲಿ ಅಚ್ಚಿಗೆ ಕಬ್ಬಿಣ ಸುರಿಯುತ್ತಿದ್ದವರು. ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಆಗ ನೆಂಟರು ಬಂದರು, ಸಮಾಧಾನ ಹೇಳಿದರು, ಹೋದರು. ಮೈದುನ ಸಮಾಧಾನ ಹೇಳಲಿಲ್ಲ. ತಿಂಗಳಿಗೊಂದು ಸಲ ಅರ್ಧ ಮೂಟೆ ಕಾಳನ್ನು ಬಾಗಿಲ ಹತ್ತಿರ ಇಳಿಸಿ, "ಅತ್ತಿಗೆ, ಬಿಸಿಲಿಗೆ ಒಂದ್ಸಲ ಹಾಕಿ, ಹುಳ ಹಿಡಿಯಲ್ಲ," ಎಂದಷ್ಟೇ ಹೇಳಿ ಹೊರಡುತ್ತಿದ್ದರು. ಒಂದು ವರ್ಷ ಹೀಗೇ ನಡೆಯಿತು.

"ನನ್ನ ಮಗಳ ಮೈಯಲ್ಲಿರೋ ಅರ್ಧ ಮಾಂಸ ಅವನ ಕಾಳಿಂದ ಬಂದದ್ದು," ಎನ್ನುತ್ತಾರೆ ಸೌಟಕ್ಕ. "ಅಂಥವನಿಗೆ ನಾನು ಆ ಮಾತು ಅಂದೆ."

ನಡೆದದ್ದು ಇಷ್ಟು. ಒಂದು ಸೋಮವಾರ ಕಾಳು ಬೇಯಲಿಲ್ಲ. ಎರಡು ಗಂಟೆಯಲ್ಲಿ ಮೆತ್ತಗಾಗಬೇಕಿದ್ದದ್ದು ನಾಲ್ಕು ಗಂಟೆ ಬೇಯಿಸಿದರೂ ಹಲ್ಲಿನ ನಡುವೆ ಮರಳಿನಂತೆ ಸಿಗುತ್ತಿತ್ತು. ಮಂಗಳವಾರವೂ ಅಷ್ಟೇ. ತಟ್ಟೆಗಳು ಅರ್ಧ ತುಂಬಿಯೇ ತೊಳೆಯಲು ಬಂದವು. ಕ್ರೇನ್ ನಡೆಸುವಾತ ತನ್ನ ತಟ್ಟೆ ಮುಂದಿಟ್ಟು, "ಅಕ್ಕ, ಇದನ್ನ ಕುಲುಮೆಗೆ ಹಾಕ್ಕೊಂಡು ಬರ್ಲಾ? ಅಲ್ಲಿ ಸಾವಿರದ ನಾನೂರು ಡಿಗ್ರಿ ಇದೆ," ಎಂದ. ಸಾಲಿಗೆ ಸಾಲೇ ನಕ್ಕಿತು. ಯಾರೋ ಸೋಡಾ ಹಾಕಿ ಎಂದರು. ಸೌಟಕ್ಕ ಹಾಕಲಿಲ್ಲ, ಸೋಡಾ ಹಾಕಿದ ಕಾಳು ಸೋಪಿನ ರುಚಿ ಕೊಡುತ್ತದೆ.

ಕುಲುಮೆಯ ಮುಂದೆ ಆರು ಗಂಟೆ ನಿಂತು ಬಂದವರು ಹಸಿದು ಎದ್ದು ಹೋಗುವುದನ್ನು ನೋಡಿದ ಹೆಂಗಸು ಯಾರ ಮೇಲಾದರೂ ತಪ್ಪು ಹೊರಿಸಲೇಬೇಕಿತ್ತು. ಹಳೆಯ ಕಾಳು ತಡವಾಗಿ ಬೇಯುತ್ತದೆ ಎಂಬುದು ಕಾಳು ಬೇಯಿಸುವವರಿಗೆಲ್ಲ ಗೊತ್ತಿರುವ ವಿಷಯ. ಗುರುವಾರ ಮೈದುನ ಎಂದಿನಂತೆ ಮೂಟೆ ಇಳಿಸಲು ಬಂದಾಗ, ಸಾಲಿನಲ್ಲಿ ಅರವತ್ತು ಜನ ನಿಂತಿದ್ದರು.

"ಹಳೇ ದಾಸ್ತಾನು ಯಾರಿಗೆ ತಳ್ಳೋದು ಅಂತ ನೋಡ್ದೆ. ಮನೆಯೋಳು, ಬಾಯಿ ಬಿಡಲ್ಲ ಅಂತ ನಂಗೇ ತಳ್ದೆ. ಇದು ಮೋಸ ಅಲ್ದೆ ಇನ್ನೇನು?" ಎಂದರು ಸೌಟಕ್ಕ.

"ಈ ವರ್ಷದ ಕಾಳು ಅತ್ತಿಗೆ. ನಿಮ್ಮ ಒಲೆ ನೋಡ್ಕೊಳ್ಳಿ."

"ಹತ್ತೊಂಬತ್ತು ವರ್ಷದಿಂದ ನಿಂತಿದ್ದೀನಿ ಈ ಒಲೆ ಮುಂದೆ. ನೀನು ನಂಗೆ ಒಲೆ ಹೇಳ್ಕೊಡ್ತೀಯಾ?"

ಮೈದುನ ಇಳಿಸಿದ ಮೂಟೆಗಳನ್ನು ತಾವೇ ಹೆಗಲಿಗೇರಿಸಿ ಹೊರಟರು. ಕಚೇರಿಯವರು ಬೇರೆ ವ್ಯಾಪಾರಿಯನ್ನು ಗೊತ್ತು ಮಾಡಿದರು. ಹೊಸಬರ ಕಾಳೂ ಬೇಯಲಿಲ್ಲ. "ಆಗಲಾದ್ರೂ ಬುದ್ಧಿ ಬರಬೇಕಿತ್ತಲ್ಲ? ಇಲ್ಲ. ವ್ಯಾಪಾರಿಗಳೆಲ್ಲ ಒಂದೇ ಅಂದ್ಕೊಂಡೆ," ಎಂದು ಅವರು ತಮ್ಮನ್ನೇ ಹಂಗಿಸಿಕೊಳ್ಳುತ್ತಾರೆ. ಒಂದೂವರೆ ಗಂಟೆ ಮುಂಚೆ ಬಂದು ಒಲೆ ಹಚ್ಚಲು ಶುರು ಮಾಡಿದರು. ಹೀಗೆ ಐದು ವಾರ.

ಮೈದುನನ ಕಾಳಿನಲ್ಲಿ ಎರಡು ಕಿಲೋವನ್ನು ಅವರು ಮನೆಗೆ ಒಯ್ದು ಡಬ್ಬಿಯಲ್ಲಿ ಇಟ್ಟಿದ್ದರು. ನೆಂಟರ ನಡುವೆ ಮಾತು ಬಂದರೆ ಸಾಕ್ಷಿಗಿರಲಿ ಎಂದು. ಒಂದು ಭಾನುವಾರ ಅವರು ಹೊರಗೆ ಹೋಗಿದ್ದಾಗ ಮಗಳು ಆ ಡಬ್ಬಿ ತೆಗೆದು ಮಧ್ಯಾಹ್ನದ ಅಡುಗೆಗೆ ಬೇಯಿಸಿಬಿಟ್ಟಳು. ಸೌಟಕ್ಕ ಬಂದು ಕೂತು, ಎರಡು ತುತ್ತು ತಿಂದು, ಕಾಳು ಎಲ್ಲಿಯದು ಎಂದು ಕೇಳಿದರು.

"ಡಬ್ಬೀದು. ಚಿಕ್ಕಪ್ಪನ ಅಂಗಡೀದು. ಯಾಕಮ್ಮ?"

"ಎಷ್ಟು ಹೊತ್ತು ಬೇಯಿಸ್ದೆ?"

"ಒಂದೂವರೆ ಗಂಟೆನೂ ಆಗಿಲ್ಲ. ಜಾಸ್ತಿನೇ ಕರಗಿಹೋಯ್ತು."

ಕಾರ್ಖಾನೆಯಲ್ಲಿ ಬೇಯದೆ ಉಳಿದದ್ದು ಇದೇ ಕಾಳು. ಮರುದಿನ ಅವರು ಮಾಡಿದ ಕೆಲಸ ಯಾವ ಪ್ರಯೋಗಾಲಯಕ್ಕೂ ಶೋಭೆ ತರುವಂಥದ್ದು. ಕಾಳು ಅದೇ, ಹಾಗಾದರೆ ಮನೆಗೂ ಕಾರ್ಖಾನೆಗೂ ಬೇರೆಯಾದದ್ದು ಏನು ಎಂದು ಒಂದೊಂದನ್ನೇ ತೆಗೆದುಹಾಕುತ್ತ ಹೋದರು. ಡಬ್ಬಿಯಲ್ಲಿ ಉಳಿದಿದ್ದ ಕಾಳು ಮತ್ತು ಎರಡು ಕ್ಯಾನ್ ಮನೆಯ ನೀರನ್ನು ಕಾರ್ಖಾನೆಗೆ ಹೊತ್ತು ತಂದರು. ಎರಡು ಸಮಾನ ಪಾತ್ರೆ, ಒಂದೇ ಉರಿ, ಎರಡರಲ್ಲೂ ಅದೇ ಕಾಳು ಅಳತೆ ಮಾಡಿ. ಒಂದಕ್ಕೆ ಮನೆಯ ನೀರು, ಇನ್ನೊಂದಕ್ಕೆ ಅಡುಗೆಮನೆಯ ನಲ್ಲಿ ನೀರು. ಮೊದಲನೆಯದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬೆಂದಿತು. ಎರಡನೆಯದು ಮೂರು ಗಂಟೆ ದಾಟಿದರೂ ಮರಳು.

ಆಮೇಲೆ ವಿಚಾರಿಸಿದಾಗ ತಿಳಿಯಿತು: ಆ ಮೊದಲ ಸೋಮವಾರದ ಹಿಂದಿನ ದಿನ, ಹೊಸದಾಗಿ ಕೊರೆಸಿದ ಬೋರ್‌ವೆಲ್ಲಿಗೆ ಅಡುಗೆಮನೆಯ ಪೈಪನ್ನು ಜೋಡಿಸಿದ್ದರು. ಅಡುಗೆಯವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ನೀರು ಗಡಸು, ಅಂದರೆ ಸುಣ್ಣದ ಅಂಶ ಹೆಚ್ಚು. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ಬಿಸಿಗೆ ಕರಗಿದಾಗಲೇ ಕಾಳು ಮೆತ್ತಗಾಗುವುದು. ನೀರಿನಲ್ಲಿರುವ ಕ್ಯಾಲ್ಸಿಯಂ ಹೋಗಿ ಆ ಅಂಟನ್ನು ಇನ್ನಷ್ಟು ಬಿಗಿಮಾಡುತ್ತದೆ. ಇದನ್ನು ವಿವರಿಸಿದಾಗ ಸೌಟಕ್ಕ ಗಮನವಿಟ್ಟು ಕೇಳಿ ತಲೆಯಾಡಿಸುತ್ತಾರೆ. "ಚಹಾ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ತಿತ್ತು. ಐದು ವಾರ ಉಜ್ಜಿದ್ದೀನಿ ಅದನ್ನ. ಉಜ್ಜಿದೆನೇ ಹೊರತು ಇದು ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ ನೋಡಿ."

ಮೇಲ್ವಿಚಾರಕರ ಮುಂದೆ ಎರಡೂ ಬಟ್ಟಲು ಇಟ್ಟು ತಿನ್ನಿ ಎಂದರಂತೆ. ಅವರು ಎರಡರಿಂದಲೂ ಒಂದೊಂದು ಚಮಚ ತಿಂದು ಪ್ಲಂಬರಿಗೆ ಫೋನ್ ಮಾಡಿದರಂತೆ. ಸಂಜೆಯೊಳಗೆ ಪೈಪು ಹಳೆಯ ಟ್ಯಾಂಕಿಗೆ ವಾಪಸು ಬಂತು. ಕಾಳು ಬೆಂದಿತು. ತಟ್ಟೆಗಳು ಖಾಲಿಯಾಗಿ ಬಂದವು.

ಅಲ್ಲಿಗೆ ಬಿಡಬಹುದಿತ್ತು. ರೇಡಿಯೋ ಅದನ್ನೇ ಹೇಳಿದ್ದರು. "ನೀರು ಸರಿಹೋಯ್ತು, ಕಾಳು ಬೆಂತು, ಇನ್ಯಾರು ಕೇಳ್ತಾರೆ ಅಂದೆ. ಅಕ್ಕ ನನ್ನ ಮೇಲೇ ಸೌಟು ಎತ್ತಿದ್ರು." ಸೌಟಕ್ಕ ಮೈದುನನ ಅಂಗಡಿಗೆ ಹೋದರು. ತಕ್ಕಡಿಯಿಂದ ತಲೆ ಎತ್ತದೆ ಮೈದುನ ಹೇಳಿದ್ದು ಒಂದೇ ಮಾತು: "ಇಲ್ಲಿ ಯಾರೂ ನನ್ನ ಬೈದಿಲ್ಲ ಅತ್ತಿಗೆ. ಎಲ್ಲಿ ಬೈದ್ರೋ ಅಲ್ಲಿ ಹೇಳಿ."

ಎಂಟು ಗಂಟೆ. ಸೌಟಕ್ಕ ಕೊಪ್ಪರಿಗೆಯ ಮೇಲಿನಿಂದ, ನಡುವಿನಿಂದ, ತಳದಿಂದ ಒಟ್ಟು ಐದು ಕಾಳು ಚಮಚದಲ್ಲಿ ತೆಗೆದು ಮೆಲ್ಲಗೆ ಊದುತ್ತಾರೆ. ಐದರ ಸಿಪ್ಪೆಯೂ ಸುರುಳಿಯಾಗಿ ಏಳುತ್ತದೆ. ಒಂದನ್ನು ಹೆಬ್ಬೆರಳಿನಿಂದ ಒತ್ತಿದರೆ ಹಿಟ್ಟಿನಂತೆ ಹರಡುತ್ತದೆ. ಈಗ ಉಪ್ಪು, ಟೊಮೆಟೊ, ಹುರಿದ ಮಾಂಸ, ಕೊಬ್ಬಿನ ಸಮೇತ. ಇನ್ನು ಮೂರು ಗಂಟೆ ಸಣ್ಣ ಉರಿಯಲ್ಲಿ ಮಾಂಸ ಕಾಳಿಗೆ, ಕಾಳು ಮಾಂಸಕ್ಕೆ ರುಚಿ ಕೊಟ್ಟುಕೊಳ್ಳುತ್ತವೆ. ತಳ ಹಿಡಿಯದಂತೆ ಹದಿನೈದು ನಿಮಿಷಕ್ಕೊಮ್ಮೆ ತಿರುವಬೇಕು. ಬಲಭುಜ ಎರಡು ವರ್ಷದಿಂದ ನೋಯುತ್ತಿದೆ, ಆದ್ದರಿಂದ ತಿರುವುವುದು ಎಡಗೈಯಲ್ಲಿ. "ಬಲಗೈ ಬಡಿಸೋಕೆ ಉಳಿಸ್ಕೋತೀನಿ."

ಹನ್ನೊಂದೂವರೆಗೆ ಸೈರನ್ ಕೂಗುತ್ತದೆ. ಮಸಿ ಹತ್ತಿದ ಮುಖಗಳು, ತೊಳೆದ ಕೈಗಳು ಸಾಲುಗಟ್ಟುತ್ತವೆ. ತಟ್ಟೆಗೆ ಅನ್ನ ಅಥವಾ ಬ್ರೆಡ್, ಅದರ ಮೇಲೆ ಒಂದು ಸೌಟು ತುಂಬ ಕಾಳು, ಪ್ರತಿ ಸೌಟಿನಲ್ಲೂ ಮೂರು ತುಂಡು ಮಾಂಸಕ್ಕೆ ಕಡಿಮೆ ಇರದಂತೆ. ಗೇಟಿನಲ್ಲಿ ಯಾರೂ ಇಲ್ಲ. ಇಪ್ಪತ್ತು ತಟ್ಟೆಯಾಯಿತು, ಐವತ್ತಾಯಿತು. ಸೌಟಕ್ಕ ಗೇಟಿನ ಕಡೆ ನೋಡುವುದನ್ನು ನಿಲ್ಲಿಸಿದ್ದಾರೆ.

ಎಂಬತ್ತರ ಸುಮಾರಿಗೆ ಸಾಲಿನ ಕೊನೆಯಲ್ಲಿ ಮಸಿ ಇಲ್ಲದ ಒಂದು ಅಂಗಿ ಕಾಣುತ್ತದೆ. ಮೈದುನ ತಟ್ಟೆ ಹಿಡಿದು ಎಲ್ಲರಂತೆ ಸಾಲಿನಲ್ಲಿ ಬರುತ್ತಿದ್ದಾರೆ. ಅವರ ಸರದಿ ಬಂದಾಗ ಸೌಟಕ್ಕ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ ಇಡುತ್ತಾರೆ.

"ಎಲ್ಲರೂ ಒಂದು ನಿಮಿಷ ಕೇಳಿ," ಎನ್ನುತ್ತಾರೆ. ಧ್ವನಿ ದೊಡ್ಡದಲ್ಲ, ಆದರೂ ಚಮಚಗಳ ಸದ್ದು ನಿಲ್ಲುತ್ತದೆ. "ಅವತ್ತು ಇದೇ ಜಾಗದಲ್ಲಿ ಇವನ ಕಾಳು ಹಳೇದು ಅಂದೆ, ಮೋಸ ಅಂದೆ. ಕಾಳು ಚೆನ್ನಾಗಿತ್ತು. ಕೆಟ್ಟಿದ್ದು ನಮ್ಮ ನೀರು. ನೋಡದೆ ಅಂದೆ, ತಪ್ಪು ನಂದು."

ಕ್ರೇನ್ ನಡೆಸುವಾತ ಬಾಯಿ ಹಾಕುತ್ತಾನೆ: "ಹಾಗಾದ್ರೆ ಐದು ವಾರ ನನ್ನ ದವಡೆ ಸವೆದದ್ದಕ್ಕೆ ನಲ್ಲಿ ಬಂದು ಕ್ಷಮೆ ಕೇಳುತ್ತಾ ಅಕ್ಕ?" ನಗು ಹರಡುತ್ತದೆ, ಚಮಚಗಳು ಮತ್ತೆ ಓಡಾಡುತ್ತವೆ. ಮೈದುನ ನಗುವುದಿಲ್ಲ. ತಟ್ಟೆ ಮುಂದೆ ಹಿಡಿಯುತ್ತಾರೆ, ಅಷ್ಟೇ.

ಸರಬರಾಜು ಅವರಿಗೆ ಮರಳಿ ಸಿಗುತ್ತದೆಯೇ ಎಂಬುದು ಸೌಟಕ್ಕನ ಕೈಯಲ್ಲಿಲ್ಲ. ಹೊಸ ವ್ಯಾಪಾರಿಯ ಜೊತೆ ವರ್ಷದ ಒಪ್ಪಂದವಾಗಿದೆ. ಅವರು ಕಚೇರಿಗೆ ಹೋಗಿ ಹೇಳಿದ್ದಾರೆ, ಅಲ್ಲಿಯವರು ನೋಡೋಣ ಎಂದಿದ್ದಾರೆ. ಈ ವಿಷಯವೂ ಮೈದುನನಿಗೆ ಗೊತ್ತು.

ಮೂಲೆಯ ಬೆಂಚಿನಲ್ಲಿ ಕೂತು ಮೈದುನ ನಿಧಾನವಾಗಿ ತಿನ್ನುತ್ತಾರೆ. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ತಟ್ಟೆ ಖಾಲಿಯಾದ ಮೇಲೆ ಎದ್ದು ಕೊಪ್ಪರಿಗೆಯ ಹತ್ತಿರ ಬಂದು ನಿಲ್ಲುತ್ತಾರೆ.

"ಇದು ನನ್ನ ಕಾಳಲ್ಲ."

"ಅಲ್ಲ," ಎನ್ನುತ್ತಾರೆ ಸೌಟಕ್ಕ.

"ಇನ್ನೊಂದು ಸೌಟು ಹಾಕಿ."

"ಇನ್ನೂ ಮೂವತ್ತೊಂದು ಜನ ಊಟ ಮಾಡಿಲ್ಲ. ಅವರದ್ದಾಗ್ಲಿ, ಉಳಿದ್ರೆ ಹಾಕ್ತೀನಿ. ನಿನಗೆ ಅಂತ ಬೇರೆ ಕಾನೂನಿಲ್ಲ."

ಮೈದುನ ಅತ್ತಿಗೆಯ ಮುಖವನ್ನು ಒಂದು ಕ್ಷಣ ನೋಡಿ, ಖಾಲಿ ತಟ್ಟೆ ಹಿಡಿದುಕೊಂಡೇ ಹೋಗಿ ಬೆಂಚಿನಲ್ಲಿ ಕೂರುತ್ತಾರೆ. ಸಾಲು ಸರಿಯುತ್ತದೆ. ಸೌಟಕ್ಕ ತಲೆ ಎತ್ತದೆ ಬಡಿಸುತ್ತ, ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವಂತೆ ಹೇಳುತ್ತಾರೆ:

"ಅವನ ಸ್ವಭಾವ ನಂಗೊತ್ತು. ಊಟ ಚೆನ್ನಾಗಿಲ್ದಿದ್ರೆ ಕಾಯ್ತಿರ್ಲಿಲ್ಲ."