ದೇವದುರ್ಗದ ಕೇಂದ್ರವನ್ನು ಮಲಗಿಸಿದ್ದು

ನಮ್ಮ ವಿಶ್ವವಿದ್ಯಾಲಯದ ಸಭೆಗಳಲ್ಲಿ ಯಾರಾದರೂ ಕೈ ಎತ್ತಿ ಮತ ಹಾಕಿದ್ದನ್ನು ನಾನು ಕಂಡಿಲ್ಲ. ವಿದ್ಯಾವಿಷಯಕ ಪರಿಷತ್ತು ಎಂದರೆ ಯಾವ ಕೋರ್ಸು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಸಭೆ. ಅದರಲ್ಲಿ ಕೂತು ಕೂತು ನನ್ನ ಕನ್ನಡಕ ಬದಲಾಗಿದೆ, ಸೊಂಟಕ್ಕೆ ಪಟ್ಟಿ ಬಂದಿದೆ. ಅಲ್ಲಿ ಎಲ್ಲ ನಿರ್ಣಯವೂ ಸರ್ವಾನುಮತದಿಂದಲೇ. ಹಾಗೆಂದು ನಮ್ಮಲ್ಲಿ ಭಿನ್ನಾಭಿಪ್ರಾಯ ಇಲ್ಲವೆಂದಲ್ಲ, ಅದಕ್ಕೊಂದು ದಾರಿ ಮಾಡಿಕೊಂಡಿದ್ದೇವೆ. ಯಾವುದಾದರೂ ಪ್ರಸ್ತಾವ ಕೆಲವರಿಗೆ ಹಿಡಿಸದಿದ್ದರೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಇದಕ್ಕೊಂದು ಉಪಸಮಿತಿ ಮಾಡೋಣ್ರಿ" ಅನ್ನುತ್ತಾರೆ. ಉಪಸಮಿತಿ ಆಗುತ್ತದೆ. ಅದು ಸಭೆ ಸೇರುವುದಿಲ್ಲ. ಪ್ರಸ್ತಾವ ಅಲ್ಲೇ ಉಳಿಯುತ್ತದೆ, ಯಾರ ಮುಖಕ್ಕೂ ಭಂಗ ಬರುವುದಿಲ್ಲ. ಇದನ್ನು ನಾವು ನಮ್ಮೊಳಗೆ 'ಮಲಗಿಸೋದು' ಎನ್ನುತ್ತೇವೆ. ಶನಿವಾರ ಮಧ್ಯಾಹ್ನವೂ ಪಾಠ ಮಾಡಬೇಕೆಂಬ ಪ್ರಸ್ತಾವ ಹಾಗೇ ಮಲಗಿದೆ. ನನ್ನ ಇತಿಹಾಸ ವಿಭಾಗವನ್ನು ರಾಜ್ಯಶಾಸ್ತ್ರದೊಳಗೆ ಸೇರಿಸುವ ಪ್ರಸ್ತಾವವೂ ಮಲಗಿದೆ. ಎದ್ದಿದ್ದರೆ ನಾನು ಈಗ ಯಾರದೋ ಕೋಣೆಯ ಮೂಲೆಯಲ್ಲಿ ಕೂರುತ್ತಿದ್ದೆ. ಆದ್ದರಿಂದ ಆ ಪದ್ಧತಿಯ ಮೇಲೆ ನಮಗೆಲ್ಲ ವಿಶ್ವಾಸವಿತ್ತು.

ದೇವದುರ್ಗದಲ್ಲಿ ನಮ್ಮದೊಂದು ಸಣ್ಣ ಸ್ನಾತಕೋತ್ತರ ಕೇಂದ್ರವಿತ್ತು. ಸರ್ಕಾರಿ ಕಾಲೇಜಿನ ಹಿಂದಿನ ಸಾಲಿನಲ್ಲಿ ಎರಡು ಕೋಣೆ, ಒಂದು ವರಾಂಡ. ಇತಿಹಾಸದ ಎಂ.ಎ. ಮಾತ್ರ. ಬರುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು. ಮಸರಕಲ್ಲಿನಿಂದ, ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುವವರು. ಹತ್ತಿ ಬಿಡಿಸುವ ದಿನಗಳಲ್ಲಿ ಬೆರಳ ತುದಿ ಗೀರಿಕೊಂಡೇ ಬಂದು ಕೂರುವವರು. ಆ ಕೇಂದ್ರವನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ, ಮಾನ್ವಿಯವಳು, ಅತಿಥಿ ಉಪನ್ಯಾಸಕಿ. ಅವಳ ತಾಯಿ ಅಕ್ಕಿ ಗಿರಣಿಯಲ್ಲಿ ನುಚ್ಚು ಹಸನು ಮಾಡುತ್ತಿದ್ದವರು. ಮನೆಯ ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಗಳ ಚಿನ್ನದ ಪದಕ. ಮಾನ್ವಿಯಿಂದ ದೇವದುರ್ಗಕ್ಕೆ ದಿನಾ ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ಅತಿಥಿ ಉಪನ್ಯಾಸಕರಿಗೆ ಪರಿಷತ್ತಿನಲ್ಲಿ ಜಾಗವಿಲ್ಲ. ತರಗತಿ ಇದ್ದಷ್ಟು ದಿನ ಅವರು ಇರುತ್ತಾರೆ, ಅಷ್ಟೇ.

ಒಂದು ಬೇಸಿಗೆಯ ಸಭೆಯಲ್ಲಿ ದೇವದುರ್ಗದ ಕೇಂದ್ರವನ್ನು ಮುಚ್ಚಿ ರಾಯಚೂರಿಗೆ ವಿಲೀನಗೊಳಿಸುವ ವಿಷಯ ಬಂತು. ಮಕ್ಕಳ ಸಂಖ್ಯೆ ಕಡಿಮೆ ಎಂಬುದು ಕಾರಣ. ಸಭಾಂಗಣದ ಕಿಟಕಿಗಳಿಗೆ ಬಿಸಿಲು ಬಾರದಂತೆ ಕಾಗದ ಅಂಟಿಸಿದ್ದರು. ಎ.ಸಿ. ಶಬ್ದ ಮಾಡುತ್ತಿತ್ತು, ತಂಪು ಮಾಡುತ್ತಿರಲಿಲ್ಲ. ವಿಶೇಷ ಆಹ್ವಾನಿತಳೆಂದು ಅವಳನ್ನು ಕರೆಸಿದ್ದೆವು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಕೂತಿದ್ದಳು.

ಕುಲಪತಿಗಳು ಹಳೇ ಮೈಸೂರಿನ ಕಡೆಯವರು. ಮಾತು ಮೆತ್ತಗೆ. "ಈಗ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ವೇನಮ್ಮಾ? ರಾಯಚೂರಿಗೇ ಬರಬಹುದಲ್ಲ?" ಎಂದು ಕೇಳಿದರು.

ಅವಳು ಎದ್ದು ನಿಂತು, "ಬಸ್ ಪುಕ್ಕಟೆ ಅದರೀ ಸರ್, ಹೊತ್ತು ಪುಕ್ಕಟೆ ಇಲ್ರೀ" ಅಂದಳು. "ಮುಂಜಾನಿ ಹೋಗಿ ಊಟದ ಹೊತ್ತಿಗೆ ಮನಿಗೆ ಬರ್ತಾಳ ಅಂತ ಕಳಸ್ತಾರ. ರಾಯಚೂರು ಅಂದ್ರ ಹೊತ್ತು ಮುಣಗ್ತದ. ಮೊದಲು ಮದಿವಿ ಮಾಡಿಬಿಡ್ತಾರ."

ಯಾರೋ ನಕ್ಕರು. ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ನಮ್ಮ ನಾಮನಿರ್ದೇಶಿತ ಸದಸ್ಯರು. ಹಣೆಯಲ್ಲಿ ವಿಭೂತಿ, ಸಭೆಯಲ್ಲಿ ಮಾತಾಡುವುದು ಅಪರೂಪ. ಅವರು ಮಾತ್ರ, "ಖರೇ ಅದ ಆಕಿ ಹೇಳೋದು" ಅಂದರು. ಬಳಿಕ ಪದ್ಧತಿಯಂತೆ ಅವಳನ್ನು ಹೊರಗೆ ಕಳಿಸಿದರು. ತೀರ್ಮಾನದ ಹೊತ್ತಿಗೆ ಆಹ್ವಾನಿತರು ಇರುವ ಹಾಗಿಲ್ಲ.

ಬಾಗಿಲು ಮುಚ್ಚಿತು. ಮುಚ್ಚುವುದು ಬೇಡವೆನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದರು ಎಂದೇ ನನಗೆ ಈಗಲೂ ಅನಿಸುತ್ತದೆ. ಕೈ ಎತ್ತಿದ್ದರೆ ಕೇಂದ್ರ ಅಂದೇ ಉಳಿಯುತ್ತಿತ್ತು. ಆದರೆ ಕೈ ಎತ್ತುವುದು ನಮ್ಮ ರೂಢಿಯಲ್ಲ. ಅರ್ಥಶಾಸ್ತ್ರದ ಹಿರಿಯ ಪ್ರಾಧ್ಯಾಪಕರು ಗಂಟಲು ಸರಿಮಾಡಿಕೊಂಡರು. ಗುಂಜಹಳ್ಳಿಯವರು, ನಿವೃತ್ತಿಗೆ ಹತ್ತಿರವಿದ್ದವರು, ಮಲಗಿಸುವುದರಲ್ಲಿ ಎತ್ತಿದ ಕೈ. "ಸರ್, ಗಂಭೀರ ವಿಷಯ ಅದ. ಒಂದು ಉಪಸಮಿತಿ ಮಾಡೋಣ್ರಿ." ಕುಲಪತಿಗಳು ತಕ್ಷಣ ಒಪ್ಪಿದರು. ಹಿರಿಯರು ಅಧ್ಯಕ್ಷರು, ನಾನು ಸದಸ್ಯೆ, ಇನ್ನೊಬ್ಬರು ವಿಜ್ಞಾನದವರು. ವಿಜ್ಞಾನದವರು ಕೊನೆಯವರೆಗೂ ಬರಲಿಲ್ಲ, ಅವರ ವಿಷಯ ಅಷ್ಟಕ್ಕೇ ಬಿಡುತ್ತೇನೆ. ಮಿರ್ಚಿ ಭಜಿ ಬಂತು, ಚಹಾ ಬಂತು.

ನಾನು ಕೈ ಒರೆಸಿಕೊಂಡು ವರಾಂಡಕ್ಕೆ ಬಂದೆ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ಉಪಸಮಿತಿ ಆತಬೇ. ಇನ್ನ ಫಿಕರ್ ಬಿಡು."

"ಹಂಗಂದ್ರ ಏನ್ರೀ ಮೇಡಂ? ಉಳೀತೇನ್ರೀ?"

"ಮಲಗಿಸ್ಯಾರ ಅಂದ್ರ ಉಳದಂಗ. ಇನ್ಯಾರೂ ಅದನ್ನ ಎಬ್ಬಸಂಗಿಲ್ಲ."

ಹಿರಿಯರೂ ಹಿಂದೆಯೇ ಬಂದರು, ಬೆರಳಲ್ಲಿ ಇನ್ನೂ ಭಜಿ ಇತ್ತು. "ಏನವ್ವಾ, ನಿನ್ನ ಸಂಸ್ಥಾನ ಉಳಿಸಿದೆ ನೋಡು. ನಮಗೇನು ಕೊಡ್ತಿ?"

"ಮಾನ್ವಿಗೆ ಬರ್ರೀ ಸರ್, ನಮ್ಮವ್ವ ಸಜ್ಜಿ ರೊಟ್ಟಿ ಮಾಡಿಕೊಡ್ತಾಳ" ಅಂದಳು. ಆ ದಿನ ಅವಳು ನಕ್ಕಿದ್ದು ನೆನಪಿದೆ.

ದೇವದುರ್ಗಕ್ಕೆ ಒಮ್ಮೆ ಹೋಗಿ ನೋಡಿ ಒಂದು ವರದಿ ಕೊಟ್ಟುಬಿಡೋಣ ಎಂದು ನಾನು ಹಿರಿಯರಿಗೆ ಒಂದೆರಡು ಸಲ ಹೇಳಿದೆ. ಅವರು ಮೇಜಿನ ಮೇಲೆ ಒಗ್ಗರಣೆ ಹಾಕಿದ ಮಂಡಕ್ಕಿಯ ಪೊಟ್ಟಣ ಬಿಚ್ಚಿಕೊಂಡಿರುತ್ತಿದ್ದರು. "ಮೇಡಂ, ನಿಮಗ ಜಲ್ದಿ ಯಾಕ? ವರದಿ ಕೊಟ್ರ ಪರಿಷತ್ತಿಗೆ ಬರ್ತದ. ಪರಿಷತ್ತಿಗೆ ಬಂದ್ರ ಯಾರಾರ ಫೈಸಲ ಮಾಡ್ತಾರ. ತಡಾ ಆದಷ್ಟೂ ಆ ಕೂಸಿಗೆ ಚೊಲೊ." ಅವರ ಮಾತು ನನಗೂ ಸರಿಯೆನಿಸಿತು. ಅಷ್ಟು ವರ್ಷಗಳ ಅನುಭವ ಇಬ್ಬರದೂ. ಮನೆಗೆ ಬಂದು ಹಿತ್ತಲ ಕರಿಬೇವಿಗೆ ನೀರು ಹಾಕುತ್ತ, ಒಂದು ಕೆಲಸ ಆಯಿತೆಂದೇ ಅಂದುಕೊಂಡಿದ್ದೆ.

ಪ್ರವೇಶ ಶುರುವಾದ ವಾರ ಅವಳ ಫೋನು ಬಂತು. ನಾನು ಅಡುಗೆಮನೆಯಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದೆ.

"ಮೇಡಂ, ಆನ್‌ಲೈನ್‌ದಾಗ ನಮ್ಮ ಕೇಂದ್ರ ಕಾಣಾಕತ್ತಿಲ್ರೀ. ಮಸರಕಲ್ ಹುಡುಗೇರು ಸೈಬರ್ ಅಂಗಡ್ಯಾಗ ಕುಂತು ಹುಡುಕಾಕತ್ತಾರ. ದೇವದುರ್ಗ ಅಂತ ಬರವಲ್ದು."

ಮರುದಿನ ಕುಲಸಚಿವರ ಕೋಣೆಗೆ ಹೋದೆ. ಅವರು ಕುರ್ಚಿ ತೋರಿಸಿದರು, ನೀರು ತರಿಸಿದರು. "ಮೇಡಂ, ಹಂಗ ಸೇರಸಾಕ ಬರಂಗಿಲ್ರೀ. ಉಪಸಮಿತಿ ಮುಂದದ ಅಂದ್ರ ವಿಷಯ ಪರಿಶೀಲನೆಯಾಗದ. ಪರಿಶೀಲನೆಯಾಗ ಇರೋ ಕೋರ್ಸಿಗೆ ಪ್ರವೇಶ ಕೊಟ್ಟು ನಾಳಿ ಮುಚ್ಚಿದ್ರ ಆ ಮಕ್ಕಳಿಗೆ ಯಾರ್ರೀ ಜವಾಬು? ಈಗ ಎಲ್ಲಾ ಕಂಪ್ಯೂಟರ್. ಮೊದಲಿನಂಗ ಒಂದು ಪತ್ರ ಬರದು ನಡಸಾಕ ಬರಂಗಿಲ್ಲ."

"ಮುಚ್ಚಾಕಲ್ರೀ ಸರ್ ಉಪಸಮಿತಿ ಮಾಡಿದ್ದು, ಉಳಸಾಕ."

ಅವರು ನನ್ನನ್ನೇ ನೋಡಿದರು. "ಹಂಗ ಎಲ್ಲೀ ಬರದಿಲ್ಲಲ್ರೀ."

ನಿಜ, ಹಾಗೆ ಎಲ್ಲೂ ಬರೆದಿರಲಿಲ್ಲ. ಮಲಗಿಸುವುದು ನಮ್ಮ ಕಣ್ಣುಕಣ್ಣಿನ ಮಾತು. ಹಿಂದೆ ಮಲಗಿಸಿದ್ದೆಲ್ಲ ಹೊಸದಾಗಿ ಏನೋ ತರುವ ಪ್ರಸ್ತಾವಗಳು; ಅವು ಮಲಗಿದರೆ ಇದ್ದದ್ದು ಇದ್ದ ಹಾಗೇ ಇರುತ್ತಿತ್ತು. ಈ ಸಲ ಮಲಗಿದ್ದು ನಡೆಯುತ್ತಿದ್ದ ಕೇಂದ್ರ. ಅಷ್ಟು ಮಂದಿ ಓದಿದವರು ಕೂತ ಸಭೆಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಆಗ ನಾವು ಓಡಾಡಿದೆವು. ಹಿರಿಯರು ಬಾಡಿಗೆ ಜೀಪು ಮಾಡಿಸಿದರು. ದೇವದುರ್ಗದಲ್ಲಿ ಎರಡನೇ ವರ್ಷದ ಹುಡುಗಿಯರು ವರಾಂಡ ಗುಡಿಸಿ, ನೀರು ಚಿಮುಕಿಸಿ, ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಉಪಸಮಿತಿಗೆ ಸುಸ್ವಾಗತ' ಎಂದು ಬರೆದಿದ್ದರು. ಹಿರಿಯರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು.

ಒಬ್ಬ ಹುಡುಗಿ ಕೇಳಿದಳು, "ಸರ್, ನಮ್ಮ ತಂಗೇರಿಗೆ ಯಾವಾಗ ಓಪನ್ ಆಗ್ತದರೀ?"

"ಆಗ್ತದವ್ವಾ. ಅದಕ್ಕ ಬಂದೀವಿ."

ನನ್ನ ಹಳೆಯ ವಿದ್ಯಾರ್ಥಿನಿ ನಮಗೆ ಊಟಕ್ಕೆ ಎಲೆ ಹಾಕಿಸಿದ್ದಳು. ಬಡಿಸುತ್ತ ನನ್ನ ಬಳಿ ಬಗ್ಗಿ ಸಣ್ಣ ದನಿಯಲ್ಲಿ, "ಮೇಡಂ, ಈಗ ಬರದುಕೊಟ್ರ ಈ ವರ್ಷಕ್ಕ ಆಗ್ತದೇನ್ರೀ?" ಅಂದಳು. ನಾನು, "ಕುಲಪತಿಗಳನ್ನ ಕೇಳ್ತೀವಿ" ಅಂದೆ. ಅವಳು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದಳು.

ವರದಿಯನ್ನು ನಾನೇ ಬರೆದೆ. ಕೇಂದ್ರ ಮುಂದುವರಿಯಬೇಕು, ಇದೇ ವರ್ಷ ಪ್ರವೇಶ ಆಗಬೇಕು ಎಂದು ಬಿಚ್ಚಿ ಬರೆದೆ. ಕುಲಪತಿಗಳು ಕೈಗೆ ತೆಗೆದುಕೊಂಡು, "ಬಹಳ ಚೆನ್ನಾಗಿದೆ, ಪರಿಷತ್ತಿನ ಮುಂದೆ ಇಡ್ತೀನಿ" ಅಂದರು. ಪರಿಷತ್ತನ್ನು ಬೇಗ ಕರೆಯಿರಿ ಎಂದರೆ, ಒಂದೇ ವಿಷಯಕ್ಕೆ ಕರೆಯುವುದು ಸಂಪ್ರದಾಯವಲ್ಲ ಎಂದರು. ಪರಿಷತ್ತು ಸೇರಿದಾಗ ಪ್ರವೇಶದ ಅವಧಿ ಮುಗಿದು, ರಾಯಚೂರಿನ ಮಕ್ಕಳಿಗೆ ಪಾಠ ಶುರುವಾಗಿತ್ತು. ನಮ್ಮ ವರದಿಯನ್ನು ಓದಿದರು. ಸದಸ್ಯರು ಮೇಜು ಕುಟ್ಟಿದರು. ಸರ್ವಾನುಮತದಿಂದ ಅಂಗೀಕಾರ, ಉಪಸಮಿತಿಗೆ ಅಭಿನಂದನೆ. ಮುಂದಿನ ವರ್ಷದಿಂದ ಪ್ರವೇಶ ನೀಡುವುದು, ಆಗಿನ ಮಕ್ಕಳ ಸಂಖ್ಯೆ ನೋಡಿಕೊಂಡು.

ಗಿರಣಿ ಮಾಲೀಕರು ನನ್ನ ಕಡೆ ಬಾಗಿ, "ಮೇಡಂ, ಗಿರಣಿ ಒಂದು ಸುಗ್ಗಿ ನಿಂತ್ರ ಹಮಾಲ್ರು ಬ್ಯಾರೆ ಕಡೆ ಹೋಗ್ತಾರ್ರೀ. ಮುಂದಿನ ವರ್ಷ ಯಾರು ಬರ್ತಾರ?" ಅಂದರು. ಜೋರಾಗಿ ಹೇಳ್ರೀ ಸರ್ ಎಂದೆ. ಅವರು ತಲೆ ಅಲ್ಲಾಡಿಸಿ ಚಹಾದ ಕಪ್ಪು ಎತ್ತಿಕೊಂಡರು. ನಾನೂ ಜೋರಾಗಿ ಹೇಳಲಿಲ್ಲ.

ಎರಡನೇ ವರ್ಷದವರು ಪರೀಕ್ಷೆ ಬರೆದು ಹೋದರು. ಮೊದಲನೇ ವರ್ಷವೇ ಇಲ್ಲದ ಕೇಂದ್ರದಲ್ಲಿ ಮಕ್ಕಳ ಸಂಖ್ಯೆ ಎಲ್ಲಿಂದ ಬರಬೇಕು? ಕಚೇರಿಯವರು ಕೇಂದ್ರದ ಹೆಸರಿನ ಮುಂದೆ 'ಶೂನ್ಯ' ಎಂದು ತೋರಿಸಿದರು. ಕುಲಪತಿಗಳು, "ನಾವು ಮುಚ್ಚಿಲ್ಲ, ಅದಾಗಿ ಅದೇ ನಿಂತಿದೆ" ಅಂದರು. ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿ ಗುಂಜಹಳ್ಳಿಯ ಹೊಲ ನೋಡಿಕೊಂಡಿದ್ದರು. ಫೋನು ಮಾಡಿದರೆ ಮೆಣಸಿನಕಾಯಿಯ ಮಾತಾಡುತ್ತಾರೆ, ದೇವದುರ್ಗದ ಹೆಸರೆತ್ತಿದರೆ "ಹಲೋ, ಹಲೋ" ಅನ್ನುತ್ತಾರೆ. ನನ್ನ ವಿದ್ಯಾರ್ಥಿನಿಯನ್ನು ಮತ್ತೆ ನೇಮಿಸಲಿಲ್ಲ. ಕವಿತಾಳದ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಗೆ ಸಮಾಜ ವಿಜ್ಞಾನದ ಪಾಠ ಹೇಳುತ್ತಿದ್ದಾಳೆ.

ಮರುವರ್ಷದ ಬೇಸಿಗೆಯಲ್ಲಿ ಇನ್ನೊಂದು ಸಮಿತಿ ಆಯಿತು, ದೇವದುರ್ಗದ ಬೆಂಚು, ಬೀರು, ಪುಸ್ತಕಗಳನ್ನು ರಾಯಚೂರಿಗೆ ತರಲು. ಈ ಸಮಿತಿ ಸಭೆ ಸೇರಿತು. ಸಂಚಾಲಕಿ ನಾನು. ಲಾರಿ ಹೇಳಿದ ದಿನಕ್ಕೇ ಬಂತು. ಬೀಗ ತೆಗೆದು ಕೊಡಲು ಅವಳು ಶಾಲೆಗೆ ರಜೆ ಹಾಕಿ ಬಂದಿದ್ದಳು. ನನ್ನ ಮುಖ ನೋಡದೆ, ಯಾವ ಬೆಂಚಿನ ಕಾಲು ಅಲುಗುತ್ತದೆ, ಯಾವ ಬೀರಿನ ಬಾಗಿಲು ಎತ್ತಿ ಹಿಡಿದು ಹಾಕಬೇಕು ಎಂದು ಹಮಾಲರಿಗೆ ಹೇಳುತ್ತಿದ್ದಳು.

ಅರ್ಧ ಬೆಂಚುಗಳು ಲಾರಿ ಏರಿದ್ದವು. ಆಗ ಮಸರಕಲ್ಲಿನಿಂದ ಒಬ್ಬ ತಾಯಿ, ಮಗಳು ಬಂದರು. ಹುಡುಗಿಯ ಬಿ.ಎ. ಮುಗಿದಿತ್ತು. ಹೋದ ವರ್ಷ ಇಲ್ಲ ಅಂದಿದ್ದರು, ಈ ವರ್ಷ ಹೇಗೆಂದು ಕೇಳಲು ಬಂದಿದ್ದರು. ತಾಯಿ ಲಾರಿ ನೋಡಿ ಖುಷಿಯಾದರು.

"ಹೊಸಾ ಬೆಂಚು ತಂದೀರೇನ್ರೀ? ಚೊಲೊ ಆತು ಬಿಡ್ರೀ."

ಹಮಾಲರ ಬಳಿ ನಿಂತಿದ್ದ ನನ್ನ ವಿದ್ಯಾರ್ಥಿನಿ ತಿರುಗಿ ನನ್ನತ್ತ ನೋಡಿದಳು. ಸಮಿತಿಯ ಸಂಚಾಲಕಿ ನಾನಲ್ಲವೇ.

"ತಂದಿಲ್ಲವ್ವಾ. ಒಯ್ಯಾಕತ್ತೀವಿ. ಇಲ್ಲಿ ಇನ್ನ ಕ್ಲಾಸ್ ಇರಂಗಿಲ್ಲ. ಕಲಿಬೇಕಂದ್ರ ರಾಯಚೂರಿಗೆ ಬರ್ಬೇಕು."

"ರಾಯಚೂರೇನ್ರೀ?" ಅಂದ ತಾಯಿ ಮಗಳ ಕಡೆ ತಿರುಗಿದರು. "ಕೇಳಿದೇನಬೇ? ನಿಮ್ಮಪ್ಪ ಒಪ್ಪಂಗಿಲ್ಲ. ನಡಿ."

ತಾಯಿ ಬಿಸಿಲಿನಲ್ಲಿ ಸೆರಗು ತಲೆಗೆ ಎಳೆದುಕೊಂಡು ಲಾರಿಯ ಡ್ರೈವರನನ್ನು ಕೇಳಿದರು. "ಯಪ್ಪಾ, ಮಸರಕಲ್ ಮ್ಯಾಲೇ ಹೋಗ್ತೀಯಲ್ಲ? ಬಸ್ಸು ಇನ್ನ ಹೊತ್ತದ. ನಮ್ಮನ್ನ ಇಳಿಸಿ ಹೋಗು."

ಡ್ರೈವರ್ ನನ್ನತ್ತ ನೋಡಿದ. ನಾನು ಹೂಂ ಅಂದೆ. ಹಮಾಲರು ಕೈ ಕೊಟ್ಟು ಇಬ್ಬರನ್ನೂ ಮೇಲೆ ಹತ್ತಿಸಿದರು. ತಾಯಿ ಬೀರಿಗೆ ಒರಗಿ ಕೂತರು. ಹುಡುಗಿ ಮೇಲಿನ ಬೆಂಚಿನಲ್ಲಿ ಕೂತು, ಬಿ.ಎ. ಅಂಕಪಟ್ಟಿಯ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಜೀಪಿನಲ್ಲಿ ಹಿಂದೆ ಬಂದೆ. ದಾರಿಯುದ್ದಕ್ಕೂ ನನಗೆ ಆ ಹುಡುಗಿಯ ಬೆನ್ನು ಕಾಣುತ್ತಿತ್ತು. ಮಸರಕಲ್ಲಿನಲ್ಲಿ ಲಾರಿ ನಿಂತಿತು. ತಾಯಿ ಇಳಿದು, ಮಗಳನ್ನು ಇಳಿಸಿಕೊಂಡು, ಲಾರಿಯ ಪಕ್ಕಕ್ಕೆ ಅಂಗೈಯಿಂದ ಬಡಿದು, "ಹೋಗಪ್ಪಾ ಇನ್ನ" ಅಂದರು.