ಹಿಪ್ಪುನೇರಳೆ ಸಾಲಿನಲ್ಲಿ ಕುರುಡು ನಾಯಿ

ಆಟೋ ಯಳಂದೂರಿನ ರಸ್ತೆ ಹಿಡಿದ ಮೇಲೆ ನನ್ನ ಅಂಗೈಗೆ ಅಂಟಿದ್ದ ಬಿಳಿ ಪುಡಿಯನ್ನು ನೋಡಿದೆ. ನಾಯಿ ನನ್ನ ಎರಡೂ ಪಾದಗಳ ಮೇಲೆ ಭಾರ ಹಾಕಿ ಮಲಗಿತ್ತು. ದಾರಿಯುದ್ದಕ್ಕೂ ಅದರ ಬೆನ್ನು ಸವರುತ್ತಾ ಬಂದಿದ್ದೆ. ಕೈ ಮೂಸಿದಾಗ ಔಷಧಿಯ ಘಾಟು ಬಂತು. ನಾಯಿಗಳ ಆಶ್ರಯ ನಡೆಸುವ ಮೇಡಂ ಹೊರಡುವಾಗ ಹೇಳಿದ್ದು ಆಗ ನೆನಪಾಯಿತು: "ಬೆಳಿಗ್ಗೆ ಉಣ್ಣಿ ಪುಡಿ ಹಾಕಿದ್ದೀವಿ. ಒಂದೆರಡು ದಿನ ಸ್ನಾನ ಮಾಡಿಸಬೇಡಿ."

ನಮ್ಮ ಮನೆಯಲ್ಲಿ ಹುಳು ಇದ್ದವು.

ರೇಷ್ಮೆ ಸಾಕುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಹೇಳಬೇಕೆಂದರೆ, ಉಣ್ಣಿಯನ್ನು ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ, ಅದೂ ಬಲು ಬೇಗ. ನಮ್ಮ ಹಿತ್ತಲಿನ ಹುಳದ ಮನೆಯಲ್ಲಿ ಹುಳು ಇರುವಷ್ಟು ದಿನ ನಾವು ಸೊಳ್ಳೆ ಬತ್ತಿ ಹಚ್ಚುವುದಿಲ್ಲ. ಪಕ್ಕದ ಜಮೀನಿನವರು ಟೊಮೆಟೊಗೆ ಔಷಧಿ ಹೊಡೆಯುವ ಮುಂಚೆ ಅವ್ವನನ್ನು ಕೂಗಿ ಕೇಳುತ್ತಾರೆ, ಗಾಳಿ ನಮ್ಮ ಕಡೆ ಬೀಸುತ್ತಿದ್ದರೆ ಪಂಪನ್ನು ಕೆಳಗಿಡುತ್ತಾರೆ. ಆ ವಾರ ಹುಳು ಬೆರಳುದ್ದ ಬೆಳೆದು, ಗೂಡು ಕಟ್ಟಲು ಕೆಲವೇ ದಿನ ಬಾಕಿ ಇತ್ತು. ನಾನು ಆ ವಿಷವನ್ನು ಮೈತುಂಬ ಹೊತ್ತ ಪ್ರಾಣಿಯನ್ನು ಮನೆಗೆ ಕರೆದೊಯ್ಯುತ್ತಿದ್ದೆ.

ಆಟೋ ತಿರುಗಿಸು ಎನ್ನಬಹುದಿತ್ತು. ಎನ್ನಲಿಲ್ಲ. ಈ ನಾಯಿ ಪಾಲಾರ್ ಕಡೆಯ ರಸ್ತೆಯಲ್ಲಿ ಸಿಕ್ಕಿದ್ದು. ಆಗ ಕಿವಿಯ ಒಳಗೆಲ್ಲ ಉಣ್ಣಿ ತುಂಬಿ, ಅದರಿಂದ ಬಂದ ಜ್ವರಕ್ಕೆ ಎರಡೂ ಕಣ್ಣು ಹೋಗಿದ್ದವಂತೆ. ಕೊಳ್ಳೇಗಾಲದ ಒಂದು ಮನೆಯವರು ಸಾಕುತ್ತೇವೆಂದು ಒಯ್ದು, ವಾರ ತುಂಬುವ ಮೊದಲೇ ತಂದು ಬಿಟ್ಟಿದ್ದರು. ಆಮೇಲೆ ಅದು ಅನ್ನ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿತ್ತು. "ಇನ್ನೊಂದು ಸಲ ವಾಪಸ್ ಬಂದರೆ ಇದು ಬದುಕೋದು ಕಷ್ಟ. ಯೋಚನೆ ಮಾಡಿ ಕರಕೊಂಡು ಹೋಗಿ" ಎಂದಿದ್ದರು ಮೇಡಂ. ನಾನು ಯೋಚನೆ ಮಾಡಿದ್ದೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಮಾಡಿ ಮುಗಿಸಿ ಎಷ್ಟೋ ಸಂಜೆ ಅಲ್ಲಿಗೆ ಹೋಗಿ ಅದರ ಪಕ್ಕದಲ್ಲಿ ಕೂತು ಬಂದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಹೇಳಿದ್ದು ಒಂದು ನಾಯಿ ತರುತ್ತೇನೆ ಎಂದಷ್ಟೆ. ಜಮೀನಿಗೆ ಹಂದಿ ನುಗ್ಗುವುದರಿಂದ ಅಪ್ಪ ಒಪ್ಪಿದ್ದ.

ಗೇಟಿನ ಬಳಿ ಅವ್ವ ಒಣಗಿದ ಸೊಪ್ಪಿನ ಕಡ್ಡಿ ಗುಡ್ಡೆ ಹಾಕುತ್ತಿದ್ದಳು.

"ಅವ್ವಾ, ಅತ್ರ ಬರ್ಬೇಡ. ನಾಯಿ ಮೈಗೆ ಉಣ್ಣಿ ಪುಡಿ ಆಕವ್ರೆ" ಎಂದು ಆಟೋದಿಂದಲೇ ಕೂಗಿದೆ.

ಅವ್ವ ಹಿಂದಕ್ಕೆ ಸರಿದಳು, ಹಾವು ಕಂಡವರ ಹಾಗೆ. "ಹುಳ ಮನೇಲಿ ಮಡಿಕಂಡು ಅದನ್ಯಾಕಮ್ಮಿ ತಂದೆ? ಓದ್ದೋಳಲ್ವ ನೀನು?"

ಅಪ್ಪ ಬಂದು, ದೂರದಿಂದಲೇ ಬಗ್ಗಿ ನಾಯಿಯ ಮುಖ ನೋಡಿದ. ಕಣ್ಣುಗಳ ಮೇಲೆ ಹಾಲಿನ ಕೆನೆಯಂತೆ ಪೊರೆ. "ಇದ್ಕೆ ಕಣ್ಣು ಕಾಣಾಕಿಲ್ವಲ್ಲ!" ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಜಮೀನು ಕಾಯಕ್ಕೆ ನಾಯಿ ತತ್ತೀನಿ ಅಂತ ಓಗಿ, ನಾವು ಕಾಯೋ ನಾಯಿ ತಂದವ್ಳೆ ಕಣೆ" ಎಂದು ನಕ್ಕ. ಆಟೋದವನೂ ನಕ್ಕ. ಅವ್ವ ನಗಲಿಲ್ಲ.

"ಗೂಡು ಕಟ್ಟೋಗಂಟ ಅದು ಮೋಟರ್ ಮನೇಲಿ ಇರ‍್ಲಿ. ನೀನೂ ಅಲ್ಲೇ ಇರು, ಹುಳದ ಮನೆ ಬಾಗ್ಲಿಗೂ ಬರ್ಬೇಡ. ಹುಳಕ್ಕೇನಾರ ಆದ್ರೆ ನಾಯಿ ವಾಪಸ್. ಆಮೇಲೆ ಮುಖ ಊದಿಸ್ಕಂಡು ಕೂತ್ಕಬೇಡ."

ಆಯ್ತು ಎಂದೆ.

ಮೋಟರ್ ಮನೆ ಜಮೀನಿನ ತುದಿಯಲ್ಲಿದೆ. ಅಲ್ಲಿಗೂ ಹುಳದ ಮನೆಗೂ ನಡುವೆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟ. ಕಂಬಕ್ಕೆ ನಾಯಿಯನ್ನು ಕಟ್ಟಿದೆ. ಕತ್ತಿನ ಪಟ್ಟಿ ಬಿಗಿಯಾದೀತೆಂದು ಒಂದು ತೂತು ಸಡಿಲಿಸಿದೆ. ಅದು ಗೋಡೆಗೆ ಮೈಯೊರಸಿಕೊಂಡು ಆ ಸಣ್ಣ ಕೋಣೆಯನ್ನು ಸುತ್ತಿತು, ಮೂತಿಯಿಂದ ಪೈಪನ್ನು ತಟ್ಟಿ ನೋಡಿತು, ಆಮೇಲೆ ಬಂದು ನನ್ನ ಸೊಂಟಕ್ಕೆ ಬೆನ್ನು ಕೊಟ್ಟು ಕೂತಿತು. ನಾನು ಗಾಳಿಯನ್ನು ಗಮನಿಸುತ್ತಾ ಕೂತೆ.

ಮಾರನೆಯ ಬೆಳಿಗ್ಗೆ ಅದಕ್ಕೆ ಅನ್ನ ತರಲು ಮನೆಯ ಕಟ್ಟೆಯವರೆಗೆ ಹೋದೆ. ಹಿಂದಿರುಗಿದಾಗ ಹಗ್ಗದ ತುದಿಯಲ್ಲಿ ಪಟ್ಟಿ ಮಾತ್ರ ಇತ್ತು.

ಮೊದಲು ಓಡಿದ್ದು ಬಾವಿಯ ಕಡೆಗೆ. ಅಲ್ಲಿರಲಿಲ್ಲ. ತಿರುಗಿ ನೋಡಿದರೆ ತೋಟದ ನಡುವೆ ಅದರ ಬೆನ್ನು ಕಂಡಿತು. ಅದು ಅಲೆದಾಡುತ್ತಿರಲಿಲ್ಲ. ಒಂದು ಸಾಲಿನ ಗಿಡಗಳಿಗೆ ಎಡ ಭುಜವನ್ನು ತಾಗಿಸಿಕೊಂಡು, ಗೋಡೆ ಹಿಡಿದು ನಡೆಯುವವರ ಹಾಗೆ, ನೇರವಾಗಿ ಮನೆಯ ಕಡೆ ಹೋಗುತ್ತಿತ್ತು. ನಾನು ಹೋದ ದಿಕ್ಕು ಅದು. ತಲೆ ಎತ್ತಿತ್ತು, ಹೆಜ್ಜೆ ತಪ್ಪುತ್ತಿರಲಿಲ್ಲ. ಆಶ್ರಯದಲ್ಲಿ ಅಷ್ಟು ಧೈರ್ಯವಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಬೇರೆ ಯಾವ ಬೆಳೆಯಾಗಿದ್ದರೂ ನಿಂತು ನೋಡುತ್ತಿದ್ದೆ. ಆದರೆ ಪ್ರತಿ ಹೆಜ್ಜೆಗೂ ಸೊಪ್ಪು ಅದರ ಮೈಯನ್ನು ಒರೆಸುತ್ತಿತ್ತು.

ಎತ್ತಿಕೊಂಡು ಬಂದು ಕಟ್ಟಿದೆ. ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ಅಪ್ಪ ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಹುಳದ ಮನೆಯತ್ತ ಹೋಗುವುದು ಕಾಣಿಸಿತು.

"ಅಪ್ಪಾ! ಯಾವ ಸಾಲಲ್ಲಿ ಕುಯ್ದೆ?"

ಅವನಿಗೆ ಕೇಳಿಸಲಿಲ್ಲ. ನಾನು ಓಡಿಹೋಗಿ, ಬಾಗಿಲಿಗೆ ಬರಬೇಡ ಎಂದಿದ್ದರಿಂದ ಅಂಗಳದಲ್ಲೇ ನಿಂತು, ನಡೆದದ್ದನ್ನೆಲ್ಲ ಕೂಗಿ ಹೇಳಿದೆ. ಒಳಗೆ ಅವ್ವ ಆಗಲೇ ಅರ್ಧ ಹೊರೆಯನ್ನು ಹುಳುಗಳ ಮೇಲೆ ಹಾಸಿದ್ದಳು. ಅವಳ ಕೈ ನಿಂತಿತು.

"ಈ ಮೂಲೇಲಿ ಕುಯ್ದೆ" ಎಂದ ಅಪ್ಪ. ಆಮೇಲೆ, "ಆ ಸಾಲ್ದೂ ಒಂದೆರಡು ಕಡ್ಡಿ ಸೇರ‍್ಕಂಡಿದ್ರೆ ನಾ ಕಾಣೆ" ಎಂದ.

ಹಾಸಿದ ಸೊಪ್ಪನ್ನು ತೆಗೆಯಲಾಗುವುದಿಲ್ಲ. ಹುಳು ಆಗಲೇ ಮೇಲೆ ಹತ್ತಿ ತಿನ್ನತೊಡಗಿರುತ್ತವೆ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಒಂದು ಮೊರ ತೆಗೆದು, ಒಂದು ಹಿಡಿ ಹುಳುಗಳನ್ನು ಅದರಲ್ಲಿ ಬಿಟ್ಟು ಹೊರಗೆ ಮಾವಿನ ಮರದ ಕೆಳಗಿಟ್ಟಳು. ಸೊಪ್ಪಿನ ಮೇಲೆ ಅನುಮಾನ ಬಂದರೆ ನಮ್ಮ ಕಡೆ ಹೀಗೇ ಮಾಡುವುದು. ನಾಯಿ ಒರಸಿಕೊಂಡು ಹೋದ ಸಾಲಿನಿಂದ ಅಪ್ಪ ಬೇಕೆಂದೇ ನಾಲ್ಕು ಕಡ್ಡಿ ಮುರಿದು ತಂದು ಮೊರಕ್ಕೆ ಹಾಕಿದ.

"ನೋಡ್ತಾ ಕೂತ್ಕೊ" ಎಂದಳು ಅವ್ವ.

ಕೂತೆ. ಒಳಗೆ ಅವ್ವ ಹುಳುಗಳನ್ನು ನೋಡುತ್ತಿದ್ದಳು, ಹೊರಗೆ ನಾನು ಮೊರದ ಹುಳುಗಳನ್ನು. ಮೋಟರ್ ಮನೆಯಿಂದ ನಾಯಿ ಕೂಗುತ್ತಿತ್ತು. ಮೊರದ ಹುಳುಗಳು ಎಲೆಯ ಅಂಚನ್ನು ಕೆಳಮುಖವಾಗಿ ಕತ್ತರಿಸುತ್ತಾ ತಿಂದವು. ಏನೂ ಆಗದಿದ್ದಾಗ ನನಗೆ ಒಳ್ಳೆಯದೇ ಆಗಿದೆ ಎನ್ನಿಸಿತು. ಪುಡಿ ಉದುರಿಲ್ಲ, ನಾನು ಸುಮ್ಮನೆ ಹೆದರಿದೆ ಅಂದುಕೊಂಡೆ.

ಊಟದ ಹೊತ್ತಿಗೆ ಒಂದು ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿತು. ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿತು. ಬಾಯಿಂದ ಹಸಿರು ನೀರು ಬಂತು. ಆಮೇಲೆ ಇನ್ನೊಂದು. ನಾನು ಕೂಗಲಿಲ್ಲ, ಎದ್ದು ಹೋಗಿ ಬಾಗಿಲಿಗೆ ದೂರದಲ್ಲೇ ನಿಂತು, "ಅವ್ವಾ, ಮೊರದವು ಕಕ್ತಾ ಅವೆ. ಒಳಗಿನವು?" ಎಂದೆ.

"ತಿಂತಾ ಅವೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇನ್ನೂ ತಿಂತಾ ಅವೆ."

ಸಂಜೆಯವರೆಗೆ ನಾನು ಅದನ್ನೇ ಕೇಳಿದೆ, ಅವಳು ಅದನ್ನೇ ಹೇಳಿದಳು. ಒಳಗಿನ ಹುಳು ಉಳಿದವು. ಮೊರದಲ್ಲಿದ್ದವುಗಳಲ್ಲಿ ಒಂದೂ ಉಳಿಯಲಿಲ್ಲ. ಅಪ್ಪ ಆ ಸಾಲನ್ನೂ ಅದರ ಪಕ್ಕದ ಸಾಲನ್ನೂ ಬುಡದವರೆಗೆ ಕುಯ್ದು ಗುಂಡಿಯಲ್ಲಿ ಹೂತ.

ಅವ್ವ ಬೈಯುತ್ತಾಳೆಂದು ಕಾಯುತ್ತಿದ್ದೆ. ಅವಳು ಬಂದು ನನ್ನಿಂದ ಒಂದು ಮಾರು ದೂರದಲ್ಲಿ ಕೂತಳು.

"ಪುಡಿ ಬದ್ಲು ಮಾತ್ರೆ ಇಲ್ವಾಮ್ಮಿ?"

"ಅದಕ್ಕೆ ಫಿಟ್ಸ್ ಅದಂತೆ. ಮಾತ್ರೆ ಕೊಡಂಗಿಲ್ಲ ಅಂದವ್ರೆ ಡಾಕ್ಟ್ರು."

"ಪುಡಿ ಆಕ್ದೇ ಇದ್ರೆ?"

"ಮತ್ತೆ ಉಣ್ಣಿ ಅತ್ತಿ, ಮತ್ತೆ ಜ್ವರ ಬಂದ್ರೆ ಸತ್ತೋಯ್ತದೆ."

ಅವ್ವ ಮೋಟರ್ ಮನೆಯ ಕಡೆ ನೋಡಿದಳು. "ಹುಳಕ್ಕೇನೂ ಆಗ್ಲಿಲ್ಲ, ಅದ್ಕೆ ವಾಪಸ್ ಕಳ್ಸು ಅನ್ನಕಿಲ್ಲ. ಆದ್ರೆ ಹುಳ ಈ ಮನೆ ಬಿಟ್ಟೋಗಕಿಲ್ಲ, ಒಂದು ಬೆಳೆ ಆದ್ರೆ ಇನ್ನೊಂದು. ಎರಡೂ ಒಂದೇ ಕಡೆ ಆಗಕಿಲ್ಲ ಕಣಮ್ಮಿ. ನೀನೇ ಯೋಳು" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟವಾದದ್ದು.

ಕೊಳ್ಳೇಗಾಲದಲ್ಲಿ, ಕಾಲೇಜಿಗೆ ನಡೆದುಹೋಗುವಷ್ಟು ದೂರದಲ್ಲಿ, ಹಿಂದೆ ಸ್ವಲ್ಪ ಅಂಗಳವಿರುವ ಒಂದು ಕೋಣೆ ಹಿಡಿದೆ. ಹುಳು ಗೂಡು ಕಟ್ಟುವ ಮುನ್ನವೇ ಹೊರಟೆ. ನಾನು ಅದುವರೆಗೆ ಒಬ್ಬಳೇ ಇದ್ದವಳಲ್ಲ. ಮೊದಲ ದಿನಗಳಲ್ಲಿ ನಾಯಿ ಗೋಡೆಗಳನ್ನು ಕಲಿಯುತ್ತಿತ್ತು, ನಾನೂ ಬಾಗಿಲ ಚಿಲಕವನ್ನು ಹಾಕಿ, ಎದ್ದು, ಮತ್ತೆ ನೋಡುತ್ತಿದ್ದೆ. ನಾನು ಪಾಠ ಮಾಡುತ್ತಿರುವಾಗ ಇಲ್ಲಿ ಅದಕ್ಕೆ ಫಿಟ್ಸ್ ಬಂದರೆ ಎಂಬ ಯೋಚನೆ ಈಗಲೂ ಹೋಗಿಲ್ಲ.

ಗೂಡಿನ ಮಾರುಕಟ್ಟೆಗೆ ಬಂದ ದಿನ ಅವ್ವ ನನ್ನ ಕೋಣೆಗೂ ಬಂದಳು. ಅಪ್ಪ ವಾಹನದ ಬಳಿಯೇ ಉಳಿದ. ಅವಳು ಹೊಸ್ತಿಲ ಹೊರಗೆ ನಿಂತು ಒಲೆ, ಹಾಸಿಗೆ, ಕಿಟಕಿ ಎಲ್ಲವನ್ನೂ ನೋಡಿದಳು. ನಾಯಿ ಅವಳ ದನಿಯತ್ತ ಮುಖ ತಿರುಗಿಸಿತು.

"ಹುಳದ ಮನೆ ತೊಳ್ದು ಸುಣ್ಣ ಒಡ್ದಿದೀವಿ. ಹೊಸ ಹುಳದ ಮರಿ ಬರಕ್ಕೆ ಇನ್ನೂ ಟೈಮದೆ" ಎಂದಳು. ಮತ್ತೆ, "ಮುಟ್ಲಾ?"

ಕೂತು, ಅದರ ಹಣೆಯ ಮೇಲೆ ಕೈಯಿಟ್ಟಳು. ನಾಯಿ ಅವಳ ಬೆರಳುಗಳನ್ನು ಒಂದೊಂದಾಗಿ ಮೂಸಿತು. "ಇದೇನಮ್ಮಿ, ನನ್ನ ಬೆರಳ ಎಣಿಸ್ತಾ ಅದಲ್ಲ" ಎಂದಳು.

ಹೊರಡುವ ಮುಂಚೆ ಅವಳು ಅಂಗಳದ ಕಲ್ಲಿನ ಮೇಲೆ ಕೂತು ಮೊಣಕೈವರೆಗೆ ಸೋಪು ಹಚ್ಚಿದಳು. ನಾನು ಚೊಂಬಿನಿಂದ ನೀರು ಹಾಕಿದೆ. ಉಗುರುಗಳನ್ನು ಉಜ್ಜಿದಳು, ಸೆರಗಿನ ತುದಿಯನ್ನೂ ಹಿಂಡಿದಳು.

"ಸಾಕಾ?" ಎಂದು ಕೇಳಿದಳು.

ಸಾಕೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇನ್ನೊಂದು ಚೊಂಬು ತುಂಬಿಕೊಂಡೆ.